ಇಳಿಸಿದ ಶ್ರುತಿ

ನಮ್ಮ ಬ್ಯಾಂಡಿನ ಮೂರನೇ ಆಲ್ಬಮ್ಮನ್ನು ಹೊಗಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೈದವರ ಮೇಲೆ ಅಷ್ಟಿಲ್ಲ. ಬೈದವರಿಗೆ ಏನೋ ಹೆಚ್ಚುಕಡಿಮೆಯಾಗಿದೆ ಎನ್ನುವುದಾದರೂ ಕೇಳಿಸಿತ್ತು.

ನಾವು ನಾಲ್ಕು ಜನ. ಹಾಡುವವನು ಶಿವಾಜಿನಗರದವನು, ಕಮರ್ಷಿಯಲ್ ಸ್ಟ್ರೀಟಿನ ಒಂದು ಟೈಲರಿಂಗ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಮನೆಮಾತು ತಮಿಳು, ಬೈಗುಳ ಮಾತ್ರ ಎಲ್ಲ ಭಾಷೆಯಲ್ಲೂ. ಗಿಟಾರ್ ನುಡಿಸುವವನು ಇಂದಿರಾನಗರದವನು. ಡ್ರಮ್ಸ್ ಬಾರಿಸುವವನಿಗೆ ಹಲಸೂರಿನಲ್ಲಿ ಸ್ಕೂಟರ್ ರಿಪೇರಿ ಅಂಗಡಿ. ನಾನು ಹೊರಮಾವಿನವನು, ಬೇಸ್ ಗಿಟಾರ್ ನನ್ನದು. ಇದ್ದಾಗ ಯಾರ ಕಿವಿಗೂ ಬೀಳದ, ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುವ ದಪ್ಪ ತಂತಿಗಳ ವಾದ್ಯ ಅದು. ತೊಂಬತ್ತರ ದಶಕ ಶುರುವಾಗುವಾಗ ಕೂಡಿದ ಗುಂಪು ಹೊಸ ಶತಮಾನ ಬಂದರೂ ಒಡೆದಿರಲಿಲ್ಲ. ನಮ್ಮ ಜೊತೆ ಹುಟ್ಟಿದ ಬ್ಯಾಂಡುಗಳೆಲ್ಲ ಮದುವೆ, ವೀಸಾ, ಬ್ಯಾಂಕ್ ಪರೀಕ್ಷೆ ಎಂದು ಒಂದೊಂದಾಗಿ ಕಣ್ಣು ಮುಚ್ಚಿದವು. ನಾವು ಹಠಕ್ಕೆ ಬಿದ್ದವರಂತೆ ಉಳಿದುಕೊಂಡೆವು. ಪಂಕ್ ರಾಕ್ ಎಂದರೆ ಗಿಟಾರಿನಲ್ಲಿ ಮೂರೇ ಮೂರು ಸ್ವರಗುಚ್ಛ, ಎರಡು ನಿಮಿಷಕ್ಕೆ ಮುಗಿಯುವ ಹಾಡು, ಗಂಟಲು ಹರಿಯುವ ಕಿರುಚಾಟ. ಅದಕ್ಕೆ ಬೇಕಾದ ಬಂಡವಾಳ ಸಿಟ್ಟು ಮಾತ್ರ, ಅದು ನಮ್ಮಲ್ಲಿ ಧಾರಾಳವಾಗಿತ್ತು.

ಪ್ರಾಕ್ಟೀಸು ನಮ್ಮ ತೋಟದ ಪಂಪ್‌ಹೌಸಿನಲ್ಲಿ. ತೋಟ ಎನ್ನುವುದು ಮಾತಿಗೆ. ಒಂದು ಕಾಲಕ್ಕೆ ಹೂಕೋಸು, ಬೀನ್ಸ್ ಬೆಳೆಯುತ್ತಿದ್ದ ಜಾಗದಲ್ಲಿ ಚಿಕ್ಕಪ್ಪ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬೋರ್‌ವೆಲ್ಲಿನ ಮೋಟರು ಈಗ ಬೆಳೆಯ ಬದಲು ಬಾಡಿಗೆಯವರ ಟ್ಯಾಂಕು ತುಂಬಿಸುತ್ತಿತ್ತು. ಸ್ಟಾರ್ಟರ್ ಇದ್ದ ಕೋಣೆಯ ಪಕ್ಕ ಗೊಬ್ಬರದ ಕೋಣೆ ಖಾಲಿ ಬಿದ್ದಿತ್ತು, ಅದನ್ನು ನಾವು ಹಿಡಿದುಕೊಂಡೆವು. ಚಿಕ್ಕಪ್ಪ ಹೆಗಲ ಮೇಲೆ ಟವಲು ಹಾಕಿಕೊಂಡು ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳಿದರು.

‘ಇನ್ನೂ ಮೈಕ್ ಟೆಸ್ಟಿಂಗೇನ್ರೋ? ಹಾಡು ಯಾವಾಗ್ ಶುರು ಮಾಡ್ತೀರಾ?’

ಶ್ರುತಿ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಟ್ಯೂನರ್ ಎಂಬ ಯಂತ್ರ ಯಾರ ಹತ್ತಿರವೂ ಇರಲಿಲ್ಲ. ಎಲ್ಲರೂ ವಾದ್ಯ ಹೆಗಲಿಗೇರಿಸಿದ ಮೇಲೆ ಹಾಡುವವನು ಕಣ್ಣು ಮುಚ್ಚಿ ‘ಏಏಏ’ ಎಂದು ಒಂದು ಸ್ವರ ಎಳೆಯುತ್ತಿದ್ದ. ಗಿಟಾರಿಸ್ಟ್ ತನ್ನ ದಪ್ಪ ತಂತಿಯನ್ನು ಅದಕ್ಕೆ ಕೂಡಿಸುತ್ತಿದ್ದ, ನಾನು ಅವನ ತಂತಿಗೆ ನನ್ನದನ್ನು ಕೂಡಿಸುತ್ತಿದ್ದೆ. ನೆಗಡಿಯಿರಲಿ, ಜ್ವರವಿರಲಿ, ಹಾಡುವವನ ಆ ಸ್ವರ ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಮೊದಲೆರಡು ಆಲ್ಬಮ್ಮುಗಳನ್ನೂ ಹೀಗೆ ಶ್ರುತಿ ಮಾಡಿಕೊಂಡು, ಒಟ್ಟಿಗೆ ನಿಂತು ಬಾರಿಸಿ, ಕ್ಯಾಸೆಟ್ಟಿಗೆ ಇಳಿಸಿದ್ದೆವು. ಕಾಲೇಜು ಕಾರ್ಯಕ್ರಮಗಳಲ್ಲಿ ಬೇರೆ ತಂಡದ ಕೀಬೋರ್ಡಿನವನು ನಮ್ಮ ಜೊತೆ ಸೇರಲು ಬಂದರೆ ಯಾವ ಕೀಲಿ ಒತ್ತಿದರೂ ಕೂಡುತ್ತಿರಲಿಲ್ಲ. ಅವನ ಕೀಬೋರ್ಡೇ ಸರಿಯಿಲ್ಲ ಎಂದು ನಾವು ನಗುತ್ತಿದ್ದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೊಸ ಆಲ್ಬಮ್ಮಿನ ಮಾತು ಬಂದದ್ದು ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಹಾಡುಗಳು ಕೈಯಲ್ಲಿದ್ದವು. ರಿಂಗ್ ರೋಡಿಗೆ ಅರ್ಧ ಹೋದ ಮನೆಗಳ ಮೇಲೆ ಒಂದು, ನೀರಿನ ಟ್ಯಾಂಕರಿನ ಮೇಲೆ ಒಂದು, ಕೆರೆ ಮುಚ್ಚಿ ಲೇಔಟ್ ಮಾಡಿದವರ ಮೇಲೆ ಒಂದು. ಗಿಟಾರಿಸ್ಟ್ ಅಷ್ಟು ಹೊತ್ತಿಗೆ ಇಂದಿರಾನಗರದಲ್ಲಿ ಸ್ವಂತ ಸ್ಟುಡಿಯೋ ಮಾಡಿದ್ದ. ಸೋಪು, ಬಿಸ್ಕತ್ತಿನ ಜಾಹೀರಾತುಗಳಿಗೆ ಹಾಡು ಕಟ್ಟುತ್ತಿದ್ದ. ಎಸಿ, ಕಂಪ್ಯೂಟರು, ಫಾರಿನ್ ಮೈಕು ಎಲ್ಲ ಇತ್ತು. ಮುಂಬಯಿಯ ಒಂದು ಕಂಪನಿ ಆಲ್ಬಮ್ ಹೊರತರಲು ಒಪ್ಪಿದೆ ಎಂದು ಅವನೇ ಸುದ್ದಿ ತಂದ. ದೇಶದ ತುಂಬ ಅಂಗಡಿಗಳಿಗೆ ಹೋಗುತ್ತದೆ, ಎಫ್‌ಎಮ್ಮಿನಲ್ಲಿ ಬರುತ್ತದೆ ಎಂದು ಮೂಗಿಗೆ ತುಪ್ಪ ಸವರಿದ. ನಮ್ಮ ಮೂಗುಗಳೂ ತುಪ್ಪಕ್ಕೆ ಕಾದಿದ್ದವು.

ಎಲ್ಲರಿಗಿಂತ ಹೆಚ್ಚು ಕಾದಿದ್ದವನು ಹಾಡುವವನು. ನಮಗೆಲ್ಲ ಬೇರೆ ಬದುಕೊಂದಿತ್ತು. ನನಗೆ ಸಾಲುಮನೆ, ಡ್ರಮ್ಮರನಿಗೆ ರಿಪೇರಿ ಅಂಗಡಿ, ಗಿಟಾರಿಸ್ಟನಿಗೆ ಸೋಪು. ಅವನಿಗೆ ಗಂಟಲೊಂದೇ ತನ್ನದು ಎನ್ನುವಂಥದ್ದು. ಅಂಗಡಿಯಲ್ಲಿ ಅವನು ಕತ್ತರಿಸಿದ ಕೋಟನ್ನು ಇನ್ನೊಬ್ಬ ಹೊಲಿಯುತ್ತಿದ್ದ, ಮತ್ತೊಬ್ಬ ತೊಡುತ್ತಿದ್ದ. ‘ಒಂದ್ಸಲ ನೀಟಾಗಿ ರೆಕಾರ್ಡ್ ಆಗ್ಬಿಡ್ಲಿ ಮಚ್ಚಾ’ ಎನ್ನುತ್ತಿದ್ದ. ‘ಮೊದಲ್ನೇದ್ರಲ್ಲಿ ಬರೀ ಗೌಜು, ಎರಡ್ನೇದ್ರಲ್ಲಿ ಟೇಪಿನ ಗೊರಗೊರ. ನನ್ ಗಂಟ್ಲು ಹೆಂಗಿದೆ ಅಂತ ನಾನೇ ಸರ್ಯಾಗ್ ಕೇಳಿಲ್ಲ.’

ಸ್ಟುಡಿಯೋದ ಮೊದಲ ದಿನವೇ ಎಡವಟ್ಟಾಯಿತು. ನಾವು ನಮ್ಮ ಪದ್ಧತಿಯಂತೆ ಶ್ರುತಿ ಮಾಡಿಕೊಂಡೆವು. ಗಿಟಾರಿಸ್ಟ್ ತಂತಿಯನ್ನು ಹೊಸ ಟ್ಯೂನರಿಗೆ ಸಿಕ್ಕಿಸಿ ಮೀಟಿದ. ಮುಳ್ಳು ಒಂದು ಸ್ವರಕ್ಕೂ ಅದರ ಮೇಲಿನ ಸ್ವರಕ್ಕೂ ನಟ್ಟನಡುವೆ ಹೋಗಿ ನಿಂತಿತು.

‘ಗುರು, ನಾವು ಇ ನೂ ಅಲ್ಲ, ಎಫ್ಫೂ ಅಲ್ಲ’ ಎಂದ.

‘ಮತ್ತೆ ಏನು?’ ಎಂದು ಡ್ರಮ್ಮರ್ ಕೇಳಿದ.

‘ಎರಡು ಮೆಟ್ಲು ಮಧ್ಯ ನಿಂತಿದೀವಿ. ಇಷ್ಟು ವರ್ಷದಿಂದ.’

ಯಾಕೆ ಹೀಗಾಯಿತೆಂದು ಕೂತು ಲೆಕ್ಕ ಹಾಕಿದಾಗ ಹೊಳೆಯಿತು. ಹುಡುಗರಾಗಿದ್ದಾಗ ನಾವು ಈ ಸಂಗೀತ ಕಲಿತದ್ದು ಶಿವಾಜಿನಗರದಲ್ಲಿ, ಹಾಡುವವನ ಮನೆಯಲ್ಲಿ. ಅವನ ಭಾವ ಗಲ್ಫಿನಿಂದ ತಂದ ಟೇಪ್‌ರೆಕಾರ್ಡರ್ ಒಂದಿತ್ತು. ಎಲ್ಲೆಲ್ಲಿಂದಲೋ ಕಾಡಿಬೇಡಿ ತಂದ ಪರದೇಶದ ಪಂಕ್ ಕ್ಯಾಸೆಟ್ಟುಗಳನ್ನು ಅದರಲ್ಲೇ ಹಾಕಿ, ಅದರ ಜೊತೆಗೇ ನುಡಿಸಿ ಕಲಿತಿದ್ದೆವು. ಗಿಟಾರಿಸ್ಟ್ ಆ ಕಾಲದ ಒಂದು ಕ್ಯಾಸೆಟ್ಟನ್ನು ಸ್ಟುಡಿಯೋದ ಯಂತ್ರದಲ್ಲಿ ಹಾಕಿದ. ನಮಗೆ ಬಾಯಿಪಾಠವಾಗಿದ್ದ ಹಾಡು ನಿಧಾನವಾಗಿ, ಒಂದಿಷ್ಟು ತಗ್ಗಿ, ಊಟ ಮಾಡಿ ಮಲಗೆದ್ದವನ ಧ್ವನಿಯಲ್ಲಿ ಬಂತು. ಗಲ್ಫಿನ ಟೇಪಿನ ಮೋಟರು ಸ್ವಲ್ಪ ಜೋರಾಗಿ ಓಡುತ್ತಿತ್ತು, ಅಷ್ಟೇ. ಅದು ಓಡಿಸಿದ ಹಾಗೆ ನಾವೂ ಓಡಿದ್ದೆವು. ನಮ್ಮ ಹಾಡುಗಳ ವೇಗ, ನಮ್ಮ ಶ್ರುತಿ, ಹಾಡುವವನ ಗಂಟಲು ಎಲ್ಲ ಒಂದು ಕೆಟ್ಟ ಮೋಟರಿಗೆ ಹೊಂದಿಕೊಂಡು ಬೆಳೆದಿದ್ದವು. ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾಲ್ಕೂ ಜನ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಗಿಟಾರಿಸ್ಟ್ ಎಲ್ಲವನ್ನೂ ಸರಿಯಾದ ಶ್ರುತಿಗೆ ಇಳಿಸೋಣ ಎಂದ. ಕಂಪನಿಯವರು ಒಂದೆರಡು ಹಾಡಿಗೆ ಮುಂಬಯಿಯಲ್ಲಿ ಕೀಬೋರ್ಡು ಸೇರಿಸುವ ಯೋಚನೆಯಲ್ಲಿದ್ದರು, ಅದಕ್ಕೆ ಹೊಂದಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ತಂತಿ ಸಡಿಲ ಮಾಡಿದೆವು. ಡ್ರಮ್ಮರ್ ಕಿವಿಗೆ ತಾಳ ಎಣಿಸುವ ಯಂತ್ರದ ಟಿಕ್ ಟಿಕ್ ಹಾಕಿಕೊಂಡು ಅದರ ಲೆಕ್ಕಕ್ಕೆ ಬಾರಿಸಿದ. ಅವನದು ಮುಗಿಯಿತು, ನನ್ನದು ಮುಗಿಯಿತು, ಗಿಟಾರು ಮುಗಿಯಿತು. ಹಾಡುವವನ ಸರದಿ ಬಂದಾಗ ಬಂಡಿ ಹೂತುಕೊಂಡಿತು.

ಅವನಿಗೆ ಆ ಶ್ರುತಿಯಲ್ಲಿ ನಿಲ್ಲಲು ಆಗಲಿಲ್ಲ. ಮೊದಲ ಸಾಲು ಹಿಡಿದು ಹಾಡುತ್ತಿದ್ದ, ಎರಡನೇ ಸಾಲಿಗೆ ಅವನಿಗೇ ಗೊತ್ತಿಲ್ಲದಂತೆ ತನ್ನ ಜಾಗಕ್ಕೆ ಏರಿಬಿಡುತ್ತಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಹಾಡು ಒಂದು ಕಡೆ, ಅವನು ಒಂದು ಕಡೆ. ಹಟ ಮಾಡಿ ತಗ್ಗಿಸಿ ಹಾಡಿದರೆ ಕಿರುಚಿನ ಮೊನೆಯೇ ಮುರಿದುಹೋಗುತ್ತಿತ್ತು. ಅವನ ಧ್ವನಿಯ ಗಮ್ಮತ್ತೆಲ್ಲ ಗಂಟಲು ಇನ್ನೇನು ಒಡೆದೀತು ಎನ್ನುವ ಅಂಚಿನಲ್ಲಿತ್ತು, ಆ ಅಂಚು ಇರುವುದು ಕಾಲು ಸ್ವರ ಮೇಲೆ. ಸಾಯಂಕಾಲ ಅಂಗಡಿಯಿಂದ ಬಸ್ಸು ಹಿಡಿದು ಬರುತ್ತಿದ್ದ, ಹಾಡುತ್ತಿದ್ದ, ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದ. ಗಿಟಾರಿಸ್ಟ್ ಕಂಪ್ಯೂಟರಿನಲ್ಲಿ ಅವನ ಸ್ವರಗಳನ್ನು ಒಂದೊಂದಾಗಿ ಹಿಡಿದು ಕೆಳಗೆ ಜಗ್ಗಿದ. ಆಗ ಬಂದ ಧ್ವನಿಯಲ್ಲಿ ಬಿಸ್ಕತ್ತು ಮಾರಬಹುದಿತ್ತು, ಕೆರೆ ಮುಚ್ಚಿದವರನ್ನು ಬೈಯಲು ಆಗುತ್ತಿರಲಿಲ್ಲ.

‘ನಂಗ್ ಏಜ್ ಆಯ್ತೇನೋ’ ಎಂದು ಒಂದು ಸಂಜೆ ಅವನು ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದ.

ನಾನು ಎದ್ದು ನಿಂತೆ. ಒಳಗೆ ಹೋಗಿ ಗಿಟಾರಿಸ್ಟನಿಗೆ ಹೇಳಿದೆ. ‘ಇದೆಲ್ಲ ಎತ್ತಿ ಆಚೆಗ್ ಹಾಕು. ನಮ್ ಶ್ರುತಿಲೇ ಮತ್ತೆ ಮಾಡೋಣ, ಪಂಪ್‌ಹೌಸಲ್ಲಿ, ಎಲ್ರೂ ಒಟ್ಟಿಗೆ ನಿಂತು. ಆಗಲ್ಲ ಅಂದ್ರೆ ನಾನೂ ಇಲ್ಲ, ಅವನೂ ಇಲ್ಲ.’ ಡ್ರಮ್ಮರ್ ನನ್ನ ಪಕ್ಕಕ್ಕೆ ಬಂದು ನಿಂತ. ಗಿಟಾರಿಸ್ಟ್ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ‘ಆಯ್ತಪ್ಪ, ನಿಮ್ಮಿಷ್ಟ’ ಎಂದ. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅವತ್ತು ಅವನ ಮೇಲೆ ಪ್ರೀತಿಯೇ ಉಕ್ಕಿತು.

ಕಂಪ್ಯೂಟರು, ಮೈಕುಗಳನ್ನು ಓಮ್ನಿ ವ್ಯಾನಿನಲ್ಲಿ ತುಂಬಿಕೊಂಡು ಹೊರಮಾವಿಗೆ ಬಂದೆವು. ಗೊಬ್ಬರದ ಕೋಣೆಯ ಗೋಡೆಗೆ ಗೋಣಿಚೀಲ ಹೊಡೆದೆವು, ನೆಲಕ್ಕೆ ತೆಂಗಿನ ನಾರಿನ ಚಾಪೆ, ಚಾವಣಿಯ ತಗಡಿನ ಕೆಳಗೆ ಹಳೆಯ ಹಾಸಿಗೆಗಳನ್ನು ಹಗ್ಗದಲ್ಲಿ ಬಿಗಿದೆವು. ನನ್ನ ಆಂಪ್ಲಿಫೈಯರಿಗೆ ಕಂಬಳಿ ಹೊದಿಸಿ ಸ್ಟಾರ್ಟರಿನ ಕೋಣೆಗೆ ದೂಡಿದೆವು. ಹಾಡುವವನಿಗೆ ಬಾಗಿಲ ಹೊರಗೆ, ಜಗಲಿಯ ಮೇಲೆ, ಮೂರು ಕಡೆ ರಜಾಯಿ ಇಳಿಬಿಟ್ಟು ಮರೆ ಮಾಡಿದೆವು. ಅಲ್ಲಿಂದ ಅವನಿಗೆ ಡ್ರಮ್ಮರನ ಕೈ ಕಾಣಬೇಕು, ಅದು ಮುಖ್ಯ. ಟಿಕ್ ಟಿಕ್ ಇಲ್ಲ. ಕೈ ನೋಡಿಕೊಂಡೇ ಹಾಡಬೇಕು.

ಮೊದಲ ಹಾಡು ಅದ್ಭುತವಾಗಿ ಬಂತು. ಕೇಳಿ ನೋಡಿದರೆ ಹಾಡಿನುದ್ದಕ್ಕೂ ಗುಂಯ್ ಎನ್ನುತ್ತಿದೆ. ಮೋಟರು ಓಡುತ್ತಿತ್ತು. ಚಿಕ್ಕಪ್ಪನಲ್ಲಿಗೆ ಹೋಗಿ ಒಂದು ವಾರ ಮೋಟರು ನಿಲ್ಲಿಸಬೇಕೆಂದು ಕೇಳಿದೆ.

‘ಬಾಡ್ಗೆಯವ್ರು ಸ್ನಾನಕ್ಕೆ ನಿನ್ ಹಾಡು ಸುರ್ಕೊಳ್ತಾರೇನೋ?’ ಎಂದರು.

ಕೊನೆಗೆ ಟ್ಯಾಂಕು ತುಂಬಿ ಮೋಟರು ನಿಂತ ಮೇಲೆ, ಮತ್ತೆ ಟ್ಯಾಂಕು ಇಳಿಯುವವರೆಗೆ ನಮ್ಮ ಹೊತ್ತು ಎಂದು ತೀರ್ಮಾನವಾಯಿತು. ಬಾಡಿಗೆಯ ಮನೆಯೊಂದರಲ್ಲಿ ಹೆಂಗಸರು ಬಟ್ಟೆ ಒಗೆಯಲು ಕೂತರೆ ನಮ್ಮ ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ಅದರ ನಡುವೆ ಕರೆಂಟು ಬೇರೆ ಹೋಗುತ್ತಿತ್ತು. ಡ್ರಮ್ಮರ್ ಅಂಗಡಿಗೆ ಬೀಗ ಹಾಕಿ ಬಂದಿದ್ದ, ಹಾಡುವವನು ಅಂಗಡಿಯಲ್ಲಿ ರಜೆಗೆ ಕಾಲು ಹಿಡಿದು ಬಂದಿದ್ದ. ನಾವು ಜಗಲಿಯ ಮೇಲೆ ಕೂತು ಟ್ಯಾಂಕಿನಿಂದ ನೀರು ತುಂಬಿ ಹರಿಯುವ ಸದ್ದಿಗೆ ಕಾಯುತ್ತಿದ್ದೆವು. ಸದ್ದು ಕೇಳಿದ ಕೂಡಲೇ ಓಡಿ ವಾದ್ಯ ಹಿಡಿಯುತ್ತಿದ್ದೆವು.

ಹೇಳಿದರೆ ಜಂಬ ಎನ್ನಬೇಡಿ, ಆ ವಾರ ನಾವು ಬಾರಿಸಿದ ಹಾಗೆ ಹಿಂದೆಯೂ ಬಾರಿಸಿರಲಿಲ್ಲ, ಮುಂದೆಯೂ ಇಲ್ಲ. ಟ್ಯಾಂಕರಿನ ಹಾಡನ್ನು ಹಾಡುವವನು ಒಂದೇ ಏಟಿಗೆ ಮುಗಿಸಿದ. ರಜಾಯಿಯ ಮರೆಯಿಂದ ಹೊರಬಂದಾಗ ಅವನ ಕುತ್ತಿಗೆಯ ನರಗಳು ಇನ್ನೂ ಉಬ್ಬಿದ್ದವು. ಹೆಡ್‌ಫೋನು ಹಾಕಿಕೊಂಡು ಕೇಳಿದ. ಎರಡನೇ ಸಲ ಕೇಳಿದ. ಕಣ್ಣು ಒರೆಸಿಕೊಂಡ.

‘ನಾನೇನಾ ಮಚ್ಚಾ ಇದು?’

‘ಅಲ್ಲ, ನಮ್ ಚಿಕ್ಕಪ್ಪ’ ಎಂದೆ.

ಆ ವಾರದ ಹಾಡುಗಳನ್ನು ಗಿಟಾರಿಸ್ಟ್ ಹಾಗೆಯೇ ಒಂದು ಸಿಡಿಗೆ ಹಾಕಿ ನನಗೆ ಕೊಟ್ಟ. ಉಳಿದ ನಯ, ನಾಜೂಕಿನ ಕೆಲಸಕ್ಕೆ ಎಲ್ಲವನ್ನೂ ಇಂದಿರಾನಗರಕ್ಕೆ ಒಯ್ದ. ಆ ಕೆಲಸದಲ್ಲಿ ಅವನ ಕೈ ಪಳಗಿತ್ತು, ನಮ್ಮಿಂದ ಆಗುವಂಥದ್ದು ಏನೂ ಇರಲಿಲ್ಲ. ನಾವು ಕಾದೆವು.

ಆಲ್ಬಮ್ ಬಂತು. ಮುಂಬಯಿಯಿಂದ ಡಬ್ಬ ಬಂದ ದಿನ ನಾನೇ ಒಂದು ಸಿಡಿ ತೆಗೆದುಕೊಂಡು ಕಮರ್ಷಿಯಲ್ ಸ್ಟ್ರೀಟಿಗೆ ಓಡಿದೆ. ಮಧ್ಯಾಹ್ನದ ಊಟದ ಬಿಡುವು. ಕತ್ತರಿಸುವ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತು ಅವನು ಹೆಡ್‌ಫೋನಿನಲ್ಲಿ ಮೊದಲಿಂದ ಕೊನೆಯವರೆಗೆ ಕೇಳಿದ. ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

‘ಹೆಂಗಿದೆ?’ ಎಂದೆ.

‘ಕ್ಲೀನಾಗಿದೆ’ ಎಂದ. ವೈರು ಸುತ್ತಿಡುತ್ತಾ, ‘ಆವತ್ತು ಪಂಪ್‌ಹೌಸಲ್ಲಿ ಯಾಕೋ ಚೆನ್ನಾಗ್ ಕೇಳಿಸ್ತಿತ್ತು. ಖುಷೀಲಿ ಹಂಗನ್ನಿಸ್ತೇನೋ’ ಎಂದ.

ನನಗೂ ಏನೋ ಕಸಿವಿಸಿ ಇತ್ತು. ಆದರೆ ನನ್ನ ಬೇಸ್ ಮೊದಲ ಸಲ ದಪ್ಪಗೆ, ಗಂಭೀರವಾಗಿ ಕೇಳಿಸುತ್ತಿತ್ತು, ಬೇಸಿನವರಿಗೆ ಅಷ್ಟು ಸಾಕು. ಆಮೇಲೆ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿಮರ್ಶೆಗಳು ಬಂದವು. ಹುಡುಗಾಟದ ಬ್ಯಾಂಡು ಕೊನೆಗೂ ಪಕ್ವವಾಗಿದೆ, ಗಾಯಕನ ಧ್ವನಿಗೆ ವಯಸ್ಸಿನ ತೂಕ ಬಂದಿದೆ, ಅವಸರ ಇಳಿದಿದೆ ಎಂದು ಬರೆದರು. ಹಾಡುವವನು ಆ ಪೇಪರಿನ ತುಂಡು ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಮುಂದಿನ ಪ್ರಾಕ್ಟೀಸಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನು ಮಾಡಿದರೆ ಮದುವೆ ಸೀಸನ್ನು, ಕೋಟುಗಳ ರಾಶಿ ಬಿದ್ದಿದೆ ಎನ್ನುತ್ತಿದ್ದ.

ಒಂದು ಭಾನುವಾರ ಬೇಸರಕ್ಕೆ ಸಿಡಿ ಹಾಕಿ ಅದರ ಜೊತೆ ಬೇಸ್ ನುಡಿಸಲು ಕೂತೆ. ಕೂಡಲಿಲ್ಲ. ನನ್ನ ತಂತಿಗಳು ಎಂದಿನ ಶ್ರುತಿಯಲ್ಲೇ ಇದ್ದವು. ಸಡಿಲಿಸುತ್ತಾ ಸಡಿಲಿಸುತ್ತಾ ಹೋದೆ. ಕೂಡಿದಾಗ, ಈಚೆಗೆ ಕೊಂಡಿದ್ದ ಟ್ಯೂನರಿಗೆ ಸಿಕ್ಕಿಸಿದೆ. ಮುಳ್ಳು ಇ ಎಂಬ ಕೆಳಗಿನ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿತು. ಪಂಪ್‌ಹೌಸಿನ ಸಿಡಿ ಹುಡುಕಿ ಹಾಕಿದೆ. ಅದೇ ಹಾಡು, ಅದೇ ಏಟು, ಅದೇ ಉಸಿರು. ಆದರೆ ಚುರುಕಾಗಿ, ಮೇಲೆ, ಅಂಚಿನಲ್ಲಿ.

ನೇರ ಇಂದಿರಾನಗರಕ್ಕೆ ಹೋದೆ. ಗಿಟಾರಿಸ್ಟ್ ಮುಚ್ಚಿಡಲೂ ಇಲ್ಲ.

‘ಸ್ಪೀಡ್ ಸ್ವಲ್ಪ ಇಳಿಸ್ದೆ ಗುರು, ಅಷ್ಟೆ. ಕಂಪನಿಯವ್ರಿಗೆ ಕೀಬೋರ್ಡ್ ಕೂಡಿಸ್ಬೇಕಿತ್ತು, ಕೊನೆಗೆ ಅವ್ರು ಕೂಡಿಸ್ಲಿಲ್ಲ ಬಿಡು. ಕಾಲು ಸ್ವರ. ಯಾರಿಗ್ ಗೊತ್ತಾಗತ್ತೆ?’

‘ನಮ್ಗೆ ಹೇಳ್ಬೇಕಿತ್ತು.’

‘ಹೇಳಿದ್ರೆ ನೀವು ಒಪ್ತಿದ್ರಾ? ಪಂಪ್‌ಹೌಸ್ ಅಂದ್ರಿ, ಬಂದೆ. ಒಟ್ಟಿಗೆ ಅಂದ್ರಿ, ನಿಂತೆ. ಒಂದು ನಾನೂ ಮಾಡ್ಕೊಂಡೆ. ರಿವ್ಯೂ ನೋಡಿದ್ಯಲ್ಲ, ಎಲ್ರೂ ಮೆಚ್ಕೊಂಡಿದಾರೆ.’

‘ಅವನು ತನ್ ಗಂಟ್ಲು ಹೋಯ್ತು ಅನ್ಕೊಂಡಿದಾನೆ ಕಣೋ.’

ಗಿಟಾರಿಸ್ಟ್ ಬಾಗಿಲ ಕಡೆ ನೋಡಿದ. ಯಾವುದೋ ಜಾಹೀರಾತಿನವರು ಹೊರಗೆ ಕಾಯುತ್ತಿದ್ದರು. ಹಾಡುವವನ ಧ್ವನಿ ಚೆನ್ನಾಗಿಲ್ಲ ಎಂದು ಮುಖದ ಮೇಲೆ ಹೇಳಿದ್ದರೆ ಅವನು ನಾಲ್ಕು ಬೈದು ಇನ್ನೂ ಜೋರಾಗಿ ಹಾಡುತ್ತಿದ್ದ. ಇವನು ಹಾಗೆ ಮಾಡಲಿಲ್ಲ. ಅವನ ಧ್ವನಿಯನ್ನೇ ಬಳಸಿ ಅವನಿಗೆ ವಯಸ್ಸಾಯಿತೆಂದು ನಂಬಿಸಿಬಿಟ್ಟ, ಅದೂ ಬೇಕೆಂದಲ್ಲ, ಲಕ್ಷ್ಯವಿಲ್ಲದೆ. ನಾನು ಕ್ಷಮಿಸದೇ ಇರುವುದು ಅದನ್ನೇ.

ಮರುದಿನ ಎರಡೂ ಸಿಡಿ, ಪ್ಲೇಯರು ಹಿಡಿದು ಟೈಲರಿಂಗ್ ಅಂಗಡಿಗೆ ಹೋದೆ. ಗೆದ್ದವನ ಹುಮ್ಮಸ್ಸಿನಲ್ಲಿ ಹೋದೆ ಎನ್ನಬೇಕು. ವಿಷಯ ಹೇಳಿದೆ. ಹಾಡುವವನು ಕತ್ತರಿ ಕೆಳಗಿಟ್ಟು ಮೊದಲು ಆಲ್ಬಮ್ಮಿನದನ್ನು ಕೇಳಿದ, ಆಮೇಲೆ ಪಂಪ್‌ಹೌಸಿನದನ್ನು. ಟ್ಯಾಂಕರಿನ ಹಾಡನ್ನು ಎರಡೆರಡು ಸಲ ಹಾಕಿಸಿಕೊಂಡ. ಹೆಡ್‌ಫೋನು ತೆಗೆದು, ಸುಣ್ಣದ ಗೆರೆ ಎಳೆದಿದ್ದ ಬಟ್ಟೆಯ ಮೇಲೆ ಇಟ್ಟ.

‘ಹೌದು. ಇಳಿಸಿದಾನೆ’ ಎಂದ.

‘ಮತ್ತೆ? ನಿನ್ ಗಂಟ್ಲಿಗೆ ಏನೂ ಆಗಿಲ್ಲ. ಭಾನ್ವಾರ ಬಾ. ಅವನಿಲ್ದಿದ್ರೂ ಪರ್ವಾಗಿಲ್ಲ, ಇನ್ನೊಬ್ಬ ಗಿಟಾರಿನವ್ನು ಸಿಗ್ತಾನೆ. ಎಲ್ಲ ಮತ್ತೆ ಮಾಡೋಣ.’

ಅವನು ತಲೆ ಅಲ್ಲಾಡಿಸಿದ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

‘ಈ ಸಿಡಿನ ದಿನಾ ಕೇಳಿದೀನಿ ಮಗಾ. ಬಂದಾಗಿಂದ ದಿನಾ. ಮನೆಗ್ ಹೋಗಿ ಹೆಂಡ್ತಿನೂ ಕೂರಿಸ್ಕೊಂಡು ಕೇಳಿದೀನಿ. ನಾನೇ ಹೋದೆ, ಗಂಟ್ಲು ಹೋಯ್ತು ಅಂತ ಅನ್ಕೊಂಡೆ. ಇಳಿಸಿರ್ಬೋದು ಅಂತ ಒಂದ್ಸಲನೂ ಅನ್ನಿಸ್ಲಿಲ್ಲ.’

‘ಯಾರಿಗೂ ಗೊತ್ತಾಗಿಲ್ಲ. ನಂಗೂ ಗೊತ್ತಾಗ್ಲಿಲ್ಲ.’

‘ನಿಂಗ್ ಗೊತ್ತಾಗ್ದೆ ಇರ್ಲಿ. ಪೇಪರ್ನೋರಿಗ್ ಗೊತ್ತಾಗ್ದೆ ಇರ್ಲಿ’ ಎಂದು ಅವನು ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡ. ‘ನಂದಲ್ಲದ ಗಂಟ್ಲನ್ನ ನಾನೇ ನಂದು ಅಂದ್ಬಿಟ್ನಲ್ಲ ಮಚ್ಚಾ.’